ಎರಡನೇ ಗೇರ್

ಆ ಮಾರುತಿ 800 ಮೊದಲು ನನ್ನದಾಗಿತ್ತು. ಹನ್ನೊಂದು ವರ್ಷ ಓಡಿಸಿ ಪಕ್ಕದ ತೋಟದ ಹುಡುಗನಿಗೆ ಮಾರಿದ್ದೆ. ಹೋದ ಫೆಬ್ರುವರಿಯಲ್ಲಿ ಅವನು ಅದನ್ನು ಗೋಣಿಕೊಪ್ಪದ ಬಳಿ ಆಟೋಕ್ರಾಸ್‌ಗೆ ಒಯ್ಯಲು ಹೊರಟ. “ಅಣ್ಣ, ನೀವೂ ಬನ್ನಿ” ಎಂದ. ಕಾಫಿ ಕೊಯ್ಲು ಮುಗಿದಿತ್ತು, ಕಾಫಿ ಹೂ ಅರಳಿಸುವ ಹೂಮಳೆ ಬಂದಿರಲಿಲ್ಲ. ಮನೆಯಲ್ಲಿ ಆಕಾಶ ನೋಡುತ್ತಾ ಕೂರುವುದಕ್ಕಿಂತ ಇದು ವಾಸಿ ಎಂದು ಹೋದೆ.

ಭತ್ತ ಕೊಯ್ದ ಗದ್ದೆಯ ಬದುಗಳನ್ನು ಸಮ ಮಾಡಿ, ಗೂಟ ನೆಟ್ಟು ದಾರಿ ಮಾಡಿದ್ದರು. ಒಬ್ಬೊಬ್ಬರೇ ಓಡಿಸಬೇಕು, ಗಡಿಯಾರವೇ ಎದುರಾಳಿ. ಗೂಟ ಬಿದ್ದರೆ ದಂಡವಾಗಿ ಸೆಕೆಂಡುಗಳು ಸೇರುತ್ತವೆ. ಭಾರ ಇಳಿಸಲೆಂದು ಹುಡುಗ ಹಿಂದಿನ ಸೀಟು, ಸ್ಟೆಪ್ನಿ ಎರಡನ್ನೂ ಬಿಚ್ಚಿಟ್ಟ. ಸೀಟಿನಡಿ ಒಣಗಿದ ನಾಲ್ಕು ಕಾಫಿ ಬೀಜ ಸಿಕ್ಕವು. ನನ್ನ ಕಾಲದವೇ ಇರಬೇಕು.

ರೇಸಿನ ಹುಚ್ಚು ನನಗೆ ಹಳೆಯದು. 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ಗೆ ಫಾರ್ಮುಲಾ ಒನ್ ಬಂದಾಗ ಟಿವಿಯ ಮುಂದಿನಿಂದ ಎದ್ದವನಲ್ಲ. 2013ರವರೆಗೆ ಅಲ್ಲಿ ನಡೆದ ಮೂರೂ ರೇಸ್‌ಗಳನ್ನು ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಅವರ ಕೈಚಳಕಕ್ಕೆ ಕೈಮುಗಿಯಬೇಕು, ನಿಜ. ಆದರೆ ಸ್ಟೀರಿಂಗಿನ ಹಿಂದಿನ ಪ್ಯಾಡಲ್ ಎಳೆದು ಗೇರ್ ಬದಲಿಸುವವರು ಎಲ್ಲಿ ಎಡವಿದರು ಎಂಬುದು ವೀಕ್ಷಕ ವಿವರಣೆಕಾರರು ಹೇಳಿದ ಮೇಲೆಯೇ ನನಗೆ ತಿಳಿಯುತ್ತಿತ್ತು.

ಇಲ್ಲಿ ಯಾರೂ ಹೇಳಬೇಕಿರಲಿಲ್ಲ. ಆ ಕಾರಿನ ಎರಡನೇ ಗೇರ್ ಮೊಂಡು. ಮೂರರಿಂದ ಇಳಿಸುವಾಗ ನ್ಯೂಟ್ರಲ್‌ನಲ್ಲಿ ಅರೆಗಳಿಗೆ ನಿಂತು, ಅದರ ಮನವೊಲಿಸಬೇಕು. ಮಾರುವಾಗಲೇ ಹೇಳಿದ್ದೆ. ಧೂಳೆಬ್ಬಿಸಿಕೊಂಡು ಬಂದವನು ತೋಡಿನ ಪಕ್ಕದ ತಿರುವಿನಲ್ಲಿ ಅವಸರಪಟ್ಟ. ನನ್ನ ಎಡಗೈ ತಾನಾಗಿ ಮೊಣಕಾಲಿನ ಪಕ್ಕದ ಗಾಳಿಯನ್ನು ಹಿಂದಕ್ಕೆಳೆಯಿತು. ಕರ್ರೆಂದು ಸದ್ದು. ಕಾರು ತಿರುವಿನ ಆಚೆಗೆ ಸರಿದು ಗೂಟವೊಂದನ್ನು ಕೆಡವಿತು.

“ಎರಡನೇ ಗೇರ್ ಬೀಳಲಿಲ್ಲ” ಎಂದರು ಪಕ್ಕದಲ್ಲಿದ್ದ ಹಿರಿಯರು. ಅವರ ಹಿಂದಿದ್ದ ಹೆಂಗಸೊಬ್ಬರು, “ಕ್ಲಚ್ ಪೂರ್ತಿ ಒತ್ತಲಿಲ್ಲ” ಎಂದು ತಿದ್ದಿದರು. ಅಲ್ಲಿದ್ದವರ ಮನೆಗಳಲ್ಲೆಲ್ಲ ಒಂದು ಕಾಲಕ್ಕೆ 800 ಇದ್ದಿರಬೇಕು. ಅಷ್ಟೊಂದು ತಜ್ಞರು.

ಬಹುಮಾನ ಬರಲಿಲ್ಲ. ಗೆದ್ದವರು ಯಾರೆಂದು ನನಗೂ ಈಗ ನೆನಪಿಲ್ಲ. ಸಂಜೆ ಸೀಟು ಕೂರಿಸಿ, ಹುಡುಗ ಕೀ ನನ್ನ ಕೈಗಿಟ್ಟ. “ನೀವೇ ಓಡಿಸಿ ಅಣ್ಣ, ಹೇಗೆಂದು ನೋಡುತ್ತೇನೆ.”

ಮೊದಲ ತಿರುವಿನಲ್ಲೇ ಕರ್ರೆಂದಿತು. ಅವನು ಕಿಟಕಿಯಾಚೆಯ ಸಿಲ್ವರ್ ಓಕ್ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.