ಕರೆಸಿಕೊಳ್ಳುವ ತನಕ

ನನ್ನ ಕಾದಂಬರಿಯಲ್ಲಿ ಹಡಗು ಇಲ್ಲ. ಇದನ್ನು ಕೇಳಿದವರಿಗೆಲ್ಲ ಆಶ್ಚರ್ಯ. ಕೆರಿಬಿಯನ್ ದ್ವೀಪಗಳಿಂದ ಇಂಗ್ಲೆಂಡಿಗೆ ಬಂದವರ ಕಥೆ ಅಂದ ಕೂಡಲೇ ಇಲ್ಲಿ ಎಲ್ಲರಿಗೂ ನೆನಪಾಗುವುದು 1948ರ ಜೂನ್ 22ರಂದು ಟಿಲ್‌ಬರಿ ಬಂದರಿನಲ್ಲಿ ಜನ ಇಳಿದ ‘ಎಂಪೈರ್ ವಿಂಡ್‌ರಷ್’ ಹಡಗು, ಹ್ಯಾಟು ಕೋಟು ಹಾಕಿಕೊಂಡು ಪೆಟ್ಟಿಗೆ ಹಿಡಿದು ನಿಂತ ಗಂಡಸರ ಕಪ್ಪು-ಬಿಳುಪು ಫೋಟೋಗಳು. ಅವು ಮುಖ್ಯವೇ. ಆದರೆ ನಾನು ಬರೆಯಲು ಕೂತಾಗ ನನ್ನನ್ನು ಕಾಡುತ್ತಿದ್ದವಳು ಆ ಫೋಟೋಗಳಲ್ಲಿ ಎಲ್ಲೂ ಇಲ್ಲದ ಒಬ್ಬ ಹುಡುಗಿ. ಅಮ್ಮ ಇಂಗ್ಲೆಂಡಿಗೆ ಹೋದ ಮೇಲೆ ಜಮೈಕಾದ ಹಳ್ಳಿಯಲ್ಲಿ ಅಜ್ಜಿಯ ಜೊತೆ ಉಳಿದವಳು.

ನಾನು ದಕ್ಷಿಣ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಊರು ಕುಂದಾಪುರದ ಹತ್ತಿರ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ವಾರ್ಡಿನಲ್ಲಿ ಜಮೈಕಾದಲ್ಲಿ ಹುಟ್ಟಿದ ಒಬ್ಬರು ಹಿರಿಯ ಸಿಸ್ಟರ್ ಇದ್ದರು. ಒಂದು ನೈಟ್ ಡ್ಯೂಟಿಯಲ್ಲಿ, ರೋಗಿಗಳೆಲ್ಲ ಮಲಗಿದ ಹೊತ್ತಿನಲ್ಲಿ, ಅವರು ತಮ್ಮ ಬಾಲ್ಯ ಹೇಳುತ್ತಾ ಹೋದರು. ಅಮ್ಮ ಹೋದಾಗ ಅವರಿಗೆ ಮೂರು ವರ್ಷ. ಅಮ್ಮ ಕರೆಸಿಕೊಂಡಾಗ ಹನ್ನೊಂದು. ಅವರ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ನನ್ನ ತಲೆಯಲ್ಲಿ ತಾನಾಗಿಯೇ ‘ಕರೆಸಿಕೊಂಡರು’ ಅಂತ ಬಂತು. ಬೇರೆ ಯಾವ ಪದವೂ ಅಲ್ಲಿ ಕೂರುವುದಿಲ್ಲ. ನಮ್ಮ ಕಡೆ ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋದ ಗಂಡಸರ ಮನೆಗಳಲ್ಲಿ ದಿನಾ ಕೇಳುತ್ತಿದ್ದ ಮಾತು ಅದು. ‘ಒಂದು ರೂಮ್ ಆಗ್ಲಿ, ಕರೆಸಿಕೊಳ್ತಾರೆ.’ ನನ್ನ ಅಪ್ಪನೂ ಹಾಗೇ ಹೋದವರು, ನಾನೂ ಅಜ್ಜಿಯ ಹತ್ತಿರ ಬೆಳೆದವಳು. ಇನ್ನೊಂದು ಮಾತೂ ಅವತ್ತು ಸಿಕ್ಕಿತು. ಜಮೈಕಾದವರಿಗೆ ‘ಫಾರಿನ್’ ಅನ್ನುವುದು ಒಂದು ಊರಿನ ಹೆಸರಿನ ಹಾಗೆ. ಅವಳು ಫಾರಿನ್ನಿಗೆ ಹೋಗಿದ್ದಾಳೆ, ಫಾರಿನ್ನಿಂದ ಸಾಮಾನು ಬಂತು. ನಾವೂ ಹೀಗೇ ಅಲ್ವಾ ಹೇಳುವುದು?

ಹಾಗಂತ ಅವರ ಕಥೆಯೂ ನನ್ನ ಕಥೆಯೂ ಒಂದೇ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಗುಲಾಮಗಿರಿಯ ಕಬ್ಬಿನ ತೋಟಗಳಿಂದ ಬಂದ ಜನರ ಇತಿಹಾಸ ಅವರದು. ನನಗೆ ಗೊತ್ತಿದ್ದದ್ದು ಕಾಯುವುದು ಮಾತ್ರ. ಅಷ್ಟು ಹಿಡಿದುಕೊಂಡು ಉಳಿದದ್ದನ್ನು ಕಲಿಯಬೇಕಾಯಿತು. ಆರು ವರ್ಷ ಹಿಡಿಯಿತು.

ಕಲಿಯುತ್ತಾ ಹೋದ ಹಾಗೆ ಕಾಯುವುದಕ್ಕೂ ಒಂದು ಲೆಕ್ಕ ಇತ್ತು ಅಂತ ತಿಳಿಯಿತು. 1948ರ ಪೌರತ್ವ ಕಾಯ್ದೆಯ ಪ್ರಕಾರ ವಸಾಹತುಗಳ ಜನರೂ ಬ್ರಿಟಿಷ್ ಪ್ರಜೆಗಳೇ, ಬಂದು ನೆಲೆಸುವ ಹಕ್ಕು ಅವರಿಗಿತ್ತು. 1962ರ ಜುಲೈ 1ರಿಂದ ಹೊಸ ಕಾಯ್ದೆ ಬಂತು, ಕೆಲಸಕ್ಕೆ ಬರುವವರಿಗೆ ಪರವಾನಗಿ ಚೀಟಿ ಬೇಕಾಯಿತು. ಬಾಗಿಲು ಮುಚ್ಚುವ ಮುಂಚೆ ಒಳಗೆ ಬಂದುಬಿಡೋಣ ಅಂತ ಅದಕ್ಕೆ ಮುಂಚಿನ ವರ್ಷ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದರು. ಇಲ್ಲಿ ನೆಲೆಸಿದವರ ಹೆಂಡತಿಗೂ ಹದಿನಾರು ತುಂಬದ ಮಕ್ಕಳಿಗೂ ಮಾತ್ರ ಆ ಮೇಲೂ ಬರುವ ಹಕ್ಕು ಉಳಿಯಿತು. ಹದಿನಾರು! ಈ ಒಂದು ಸಂಖ್ಯೆ ನನ್ನ ಇಡೀ ಕಾದಂಬರಿಯನ್ನು ಹಿಡಿದು ನಿಲ್ಲಿಸಿತು. ಊರಿನಲ್ಲಿ ಮೂರು ಮಕ್ಕಳನ್ನು ಬಿಟ್ಟು ಬಂದ ತಾಯಿ, ಇಲ್ಲಿ ಒಂದೇ ಕೋಣೆಯಲ್ಲಿ ಸೀಮೆಎಣ್ಣೆ ಹೀಟರ್ ಹಚ್ಚಿಕೊಂಡು, ಒಬ್ಬರಿಗೆ ಸಾಕಾಗುವಷ್ಟು ಟಿಕೆಟ್ ದುಡ್ಡು ಕೂಡಿಸಿದಾಗ ಯಾರನ್ನು ಮೊದಲು ಕರೆಸಿಕೊಳ್ಳಬೇಕು? ಹದಿನೈದು ನಡೆಯುತ್ತಿರುವ ದೊಡ್ಡವನನ್ನೋ, ಅಮ್ಮನ ಮುಖವೇ ಮರೆತುಹೋದ ಚಿಕ್ಕವಳನ್ನೋ? ನನ್ನ ಪಾತ್ರ ದೊಡ್ಡವನನ್ನು ಕರೆಸಿಕೊಳ್ಳುತ್ತಾಳೆ. ಚಿಕ್ಕವಳು ಅದನ್ನು ಕೊನೆತನಕ ಕ್ಷಮಿಸುವುದಿಲ್ಲ.

ಆ ದುಡ್ಡು ಕೂಡಿಸುತ್ತಿದ್ದದ್ದು ಹೇಗೆ ಗೊತ್ತಾ? ಚೀಟಿ ಹಾಕಿ. ಜಮೈಕಾದವರು ಅದನ್ನು ಪಾರ್ಡ್ನರ್ ಅನ್ನುತ್ತಾರೆ, ಟ್ರಿನಿಡಾಡಿನವರು ಸೂಸು, ಗಯಾನಾದವರು ಬಾಕ್ಸ್ ಹ್ಯಾಂಡ್. ನಮ್ಮ ಚೀಟಿಯ ಹಾಗೆ ಹರಾಜು ಇಲ್ಲ, ಬಡ್ಡಿ ಇಲ್ಲ. ಪ್ರತಿ ವಾರ ಎಲ್ಲರೂ ಒಂದೇ ಮೊತ್ತ ಹಾಕುತ್ತಾರೆ, ಒಬ್ಬೊಬ್ಬರು ಸರದಿಯ ಮೇಲೆ ಪೂರ್ತಿ ದುಡ್ಡು ಎತ್ತುತ್ತಾರೆ. ನಂಬಿಕಸ್ಥರೊಬ್ಬರು ನಡೆಸುತ್ತಾರೆ, ಅವರೇ ‘ಬ್ಯಾಂಕರ್’. ನಿಜವಾದ ಬ್ಯಾಂಕುಗಳು ಕರಿಯರಿಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಬ್ರಿಕ್ಸ್‌ಟನ್ನಿನಂಥ ಕಡೆಗಳಲ್ಲಿ ಎಷ್ಟೋ ಮನೆಗಳಿಗೆ ಮುಂಗಡ ಕಟ್ಟಿದ್ದು ಈ ಚೀಟಿಯ ದುಡ್ಡಿನಿಂದ. ನಮ್ಮ ಸಿಸ್ಟರ್ ನಿವೃತ್ತಿಯಾಗುವ ತನಕ ವಾರ್ಡಿನಲ್ಲಿ ಒಂದು ಪಾರ್ಡ್ನರ್ ನಡೆಸುತ್ತಿದ್ದರು. ನಾನೂ ಸೇರಿದ್ದೆ. ನಾನು ಎತ್ತಿದ ದುಡ್ಡನ್ನು ಹಾಗೇ ತೆಗೆದಿಟ್ಟಿದ್ದೆ, ಕೊನೆಗೆ ಪುಸ್ತಕದ ಎಡಿಟರಿಗೂ ಮುಖಪುಟಕ್ಕೂ ಕೊಟ್ಟದ್ದು ಅದೇ.

ಹೌದು, ನನ್ನ ಪುಸ್ತಕ ನಾನೇ ಹೊರತಂದದ್ದು. ಮೊದಲು ಬೇರೆ ದಾರಿ ನೋಡಿದ್ದೆ. ಒಂದು ಕಡೆಯಿಂದ ಒಳ್ಳೆಯ ಮಾತಿನ ಪತ್ರ ಬಂತು. ಕಥೆ ಹಡಗಿನಿಂದ ಶುರುವಾಗಲಿ, ಅಜ್ಜಿಯ ಭಾಗ ಅರ್ಧಕ್ಕೆ ಇಳಿಯಲಿ, ಲಂಡನ್ ಬೇಗ ಬರಲಿ ಅಂತ. ಎರಡು ವಾರ ನಿದ್ದೆ ಬರಲಿಲ್ಲ. ಅಜ್ಜಿಯ ಭಾಗ ನೂರೈವತ್ತು ಪುಟ. ಅಲ್ಲಿ ಹೆಚ್ಚೇನೂ ನಡೆಯುವುದಿಲ್ಲ ನಿಜ. ಅಂಚೆ ಬರುತ್ತದೆ, ಅಂಚೆ ಬರುವುದಿಲ್ಲ, ಫಾರಿನ್ನಿಂದ ಬಂದ ಶೂ ಪಾರ್ಸೆಲ್ ಬಿಚ್ಚುವಷ್ಟರಲ್ಲಿ ಕಾಲಿಗೆ ಚಿಕ್ಕದಾಗಿರುತ್ತದೆ. ಆದರೆ ಎಂಟು ವರ್ಷ ಕಾದದ್ದನ್ನು ಎಂಟು ಪುಟದಲ್ಲಿ ಮುಗಿಸಿದರೆ ಓದುವವರಿಗೆ ಆ ಹುಡುಗಿಯ ಸಿಟ್ಟು ಅರ್ಥವಾಗುವುದಿಲ್ಲ. ಅದಕ್ಕೇ ಬೇಡ ಅಂದೆ.

ಸ್ವಂತವಾಗಿ ಪ್ರಕಟಿಸುವುದು ಇಲ್ಲಿ ಹೊಸದೇನಲ್ಲ ಅಂತ ಆಮೇಲೆ ಗೊತ್ತಾಯಿತು. ಟ್ರಿನಿಡಾಡಿನ ಜಾನ್ ಲಾ ರೋಸ್ ಮತ್ತು ಸಾರಾ ವೈಟ್ 1966ರಲ್ಲಿ ನ್ಯೂ ಬೀಕನ್ ಬುಕ್ಸ್ ಶುರು ಮಾಡಿದ್ದು ಮನೆಯಿಂದಲೇ. ಅದರ ಪುಸ್ತಕದಂಗಡಿ ಫಿನ್ಸ್‌ಬರಿ ಪಾರ್ಕಿನಲ್ಲಿದೆ. ಗಯಾನಾದಿಂದ ಬಂದ ಜೆಸ್ಸಿಕಾ ಮತ್ತು ಎರಿಕ್ ಹಂಟ್ಲಿ ದಂಪತಿ ಈಲಿಂಗಿನ ತಮ್ಮ ಮನೆಯ ಹಾಲಿನಲ್ಲೇ ಬೋಗಲ್-ಲೂವರ್ಚರ್ ಪ್ರಕಾಶನ ನಡೆಸಿದರು. ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದ್ದು ನೆನಪಾಗಿ ನನಗೆ ಧೈರ್ಯ ಬಂತು.

ದಿನಗಳು ಹೇಗೆ ಹೋಗುತ್ತವೆ ಅಂದರೆ, ವಾರಕ್ಕೆ ಮೂರು ದಿನ ಹನ್ನೆರಡೂವರೆ ಗಂಟೆಯ ಡ್ಯೂಟಿ. ಉಳಿದ ದಿನಗಳಲ್ಲಿ ಎರಡು ದಿನ ಬರವಣಿಗೆ. ಪುಸ್ತಕ ಆರ್ಡರ್ ಬಂದಾಗ ಮಾತ್ರ ಅಚ್ಚಾಗುತ್ತದೆ, ಹಾಗಾಗಿ ಮನೆಯಲ್ಲಿ ಬಂಡಲ್ ಪೇರಿಸಿಡುವ ಕಷ್ಟ ಇಲ್ಲ. ಪ್ರಕಟವಾದ ಒಂದು ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಒಂದು ಪ್ರತಿ ಕೊಡಬೇಕು, ಅದು ಕಾನೂನು, ಒಬ್ಬಂಟಿ ಲೇಖಕಿಗೂ ಅನ್ವಯಿಸುತ್ತದೆ. ಆ ಪ್ರತಿಯನ್ನು ಅಂಚೆಗೆ ಹಾಕಿದ ದಿನ ನಾನು ಅತ್ತೆ. ಸಾರ್ವಜನಿಕ ಲೈಬ್ರರಿಯಿಂದ ಜನ ಪುಸ್ತಕ ತೆಗೆದುಕೊಂಡು ಹೋದರೆ ಲೇಖಕರಿಗೆ ಸರ್ಕಾರ ಪ್ರತಿ ಸಲಕ್ಕೂ ಕೆಲವು ಪೆನ್ಸ್ ಕೊಡುತ್ತದೆ. ದುಡ್ಡು ಸಣ್ಣದು. ಆದರೆ ಇಷ್ಟು ಜನ ಮನೆಗೆ ಒಯ್ದರು ಅನ್ನುವ ಲೆಕ್ಕ ಸಿಗುತ್ತದಲ್ಲ, ಅದು ನನಗೆ ದೊಡ್ಡದು.

ಹೆಚ್ಚು ಕಾಡಿದ್ದು ದಾಖಲೆ. ಕ್ಯೂ ಅನ್ನುವ ಕಡೆ ಇರುವ ನ್ಯಾಷನಲ್ ಆರ್ಕೈವ್ಸಿನಲ್ಲಿ ಹಡಗಿನಲ್ಲಿ ಬಂದವರ ಪಟ್ಟಿಗಳಿವೆ. ಹೆಸರು, ವಯಸ್ಸು, ಕಸುಬು, ಇಂಗ್ಲೆಂಡಿನಲ್ಲಿ ಉಳಿಯುವ ವಿಳಾಸ. ಆ ಪಟ್ಟಿಗಳು 1960ಕ್ಕೆ ನಿಲ್ಲುತ್ತವೆ, ವಿಮಾನದಲ್ಲಿ ಬಂದವರು ಅದರಲ್ಲಿಲ್ಲ. ನನ್ನ ಹುಡುಗಿ 1964ರಲ್ಲಿ ಕಿಂಗ್‌ಸ್ಟನ್ನಿನಿಂದ ವಿಮಾನದಲ್ಲಿ ಬಂದವಳು. ಅವಳಂಥವರು ಇಳಿದಾಗ ತುಂಬಿದ ಹಳೆಯ ಲ್ಯಾಂಡಿಂಗ್ ಕಾರ್ಡುಗಳನ್ನು ಗೃಹ ಇಲಾಖೆ 2010ರಲ್ಲಿ ನಾಶ ಮಾಡಿತು. ಚಿಕ್ಕಂದಿನಲ್ಲಿ ಬಂದು ಐವತ್ತು ವರ್ಷ ಇಲ್ಲೇ ದುಡಿದು ತೆರಿಗೆ ಕಟ್ಟಿದವರಿಗೆ ‘ನೀವು ಇಲ್ಲಿಯವರು ಅನ್ನುವುದಕ್ಕೆ ಪುರಾವೆ ಎಲ್ಲಿ’ ಅಂತ ಕೇಳಿದರು. ಕೆಲವರು ಕೆಲಸ ಕಳೆದುಕೊಂಡರು, ಕೆಲವರನ್ನು ಗಡೀಪಾರು ಮಾಡಿದರು. 2018ರಲ್ಲಿ ಅದೆಲ್ಲ ಪತ್ರಿಕೆಗಳಲ್ಲಿ ಬಂದಾಗ ನನ್ನ ಕರಡು ಅರ್ಧದಲ್ಲಿತ್ತು. ಕರೆಸಿಕೊಂಡ ಮಕ್ಕಳನ್ನೇ ಹೊರಗೆ ಕಳಿಸಿದರಲ್ಲ ಅಂತ ಹೊಟ್ಟೆ ಉರಿಯಿತು. ಕೊನೆಯ ಭಾಗ ಪೂರ್ತಿ ಮತ್ತೆ ಬರೆದೆ.

ಭಾಷೆಯದು ಇನ್ನೊಂದು ಚಿಂತೆ. ಕಾದಂಬರಿ ಇಂಗ್ಲಿಷಿನಲ್ಲಿದೆ, ಆದರೆ ಅಜ್ಜಿ ಮಾತಾಡುವುದು ಜಮೈಕಾದ ಪಾಟ್ವಾ. ಅದು ಕೆಟ್ಟ ಇಂಗ್ಲಿಷ್ ಅಲ್ಲ. ಅದಕ್ಕೆ ಅದರದೇ ವ್ಯಾಕರಣ ಇದೆ, ಬಹುವಚನಕ್ಕೆ ಪದದ ಆಮೇಲೆ ‘ಡೆಮ್’ ಬರುತ್ತದೆ, ಮಗುವಿಗೆ ‘ಪಿಕ್ನಿ’ ಅನ್ನುತ್ತಾರೆ. ಶಾಲೆಯಲ್ಲಿ ಕುಂದಗನ್ನಡ ಮಾತಾಡಿ ‘ಸರಿಯಾದ ಕನ್ನಡ ಮಾತಾಡು’ ಅಂತ ಬೈಸಿಕೊಂಡವಳು ನಾನು, ಆ ಅಜ್ಜಿಯ ಮಾತನ್ನು ತಿದ್ದಲು ನನಗೆ ಕೈ ಬರಲಿಲ್ಲ. ಆದರೆ ಅದು ನನ್ನ ಭಾಷೆ ಅಲ್ಲವಲ್ಲ, ಹಾಗಾಗಿ ಪ್ರತಿ ಸಾಲನ್ನೂ ಸಿಸ್ಟರ್ ಮುಂದೆ ಜೋರಾಗಿ ಓದಿದೆ. ನಿವೃತ್ತರಾದ ಮೇಲೂ ಅವರು ಭಾನುವಾರ ಚರ್ಚ್ ಮುಗಿಸಿ ಬಂದು ಕೂರುತ್ತಿದ್ದರು. ಒಂದು ಕಡೆ ನಿಲ್ಲಿಸಿ, ಅಜ್ಜಿಯಾದವಳು ಮೊಮ್ಮಗಳ ಮುಂದೆ ಅಳುವುದಿಲ್ಲ, ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಾಳೆ ಅಂದರು. ತಿದ್ದಿದೆ. ಪುಸ್ತಕದಲ್ಲಿ ಎಲ್ಲರೂ ನೆನಪಿಟ್ಟುಕೊಂಡಿರುವ ಪುಟ ಅದೇ.

ಹೋದ ತಿಂಗಳು ಒಂದು ಚರ್ಚಿನ ಹಾಲಿನಲ್ಲಿ ಟೇಬಲ್ ಹಾಕಿಕೊಂಡು ಪುಸ್ತಕ ಮಾರುತ್ತಿದ್ದೆ. ಮೊದಲೇ ಓದಿದ್ದ ಒಬ್ಬ ವಯಸ್ಸಾದ ಹೆಂಗಸು ಬಂದರು. ಹೊಗಳಲಿಲ್ಲ, ಬೈಯಲಿಲ್ಲ. ‘ಹುಡುಗಿಯನ್ನು ಕರೆಸಿಕೊಂಡರು, ಸರಿ. ಆಮೇಲೆ ಆ ಅಜ್ಜಿ ಏನಾದಳು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ನಮ್ಮನ್ನು ಕರೆಸಿಕೊಂಡ ದಿನ ನನ್ನ ಅಜ್ಜಿ ಬಸ್ ಸ್ಟ್ಯಾಂಡಿನಿಂದ ಮನೆಗೆ ಹೇಗೆ ವಾಪಸ್ ಹೋದರು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಎರಡನೇ ಕಾದಂಬರಿ ಶುರುವಾಗಿದೆ. ವಿಮಾನ ಹಾರಿಹೋಗಿದೆ. ಅಜ್ಜಿ ಕಿಂಗ್‌ಸ್ಟನ್ನಿನಿಂದ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಮೊಮ್ಮಗಳಿಗೆ ಚಿಕ್ಕದಾಗಿದ್ದ ಆ ಶೂ ಇದೆ.