ಟ್ಯಾಪೆಟ್ ಕೆಲಸ: ಸದ್ದಿಲ್ಲದ ವಾಲ್ವೇ ಟೈಟ್ ಇತ್ತು

ಅಪ್ಪನ ಹಳೇ ನೂರು ಸಿಸಿ ಬೈಕ್‌ನ ಆಯಿಲ್, ಚೈನ್, ಬ್ರೇಕ್ ಶೂ ಕೆಲಸ ಹಿಂದೆಯೇ ಮುಗಿದಿತ್ತು. ಈ ಸಲ ಟ್ಯಾಪೆಟ್, ಅಂದರೆ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವ್, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್, ಇವಕ್ಕೂ ಇವನ್ನು ಒತ್ತಿ ತೆರೆಯುವ ರಾಕರ್‌ಗೂ ನಡುವಿನ ಸಣ್ಣ ಗ್ಯಾಪ್ ಸರಿ ಮಾಡೋದು. ಎಂಜಿನ್ ಒಳಗೆ ಕೈ ಹಾಕಿದ್ದು ಇದೇ ಮೊದಲು.

ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಕಿಕ್ ಜಾಸ್ತಿ ಬೇಕಿತ್ತು. ಚಿತ್ರದುರ್ಗಕ್ಕೆ ಹೋದಾಗ ಜೋಗಿಮಟ್ಟಿ ಏರಿನಲ್ಲಿ ಎಳೆತವೂ ಕಮ್ಮಿ ಅನ್ನಿಸಿತ್ತು. ಆದರೆ ಟಕಟಕ ಸದ್ದು ಇರಲಿಲ್ಲ. ಪಕ್ಕದ ಬೀದಿಯ ಮೆಕ್ಯಾನಿಕ್ ಅಣ್ಣ, "ಸೌಂಡೇ ಇಲ್ಲ, ಸುಮ್ನೆ ಯಾಕಪ್ಪ ಬಿಚ್ತೀಯ?" ಅಂದರು. ನನಗೆ ಅನುಮಾನ ಬಂದಿದ್ದೇ ಅದಕ್ಕೆ. ಗ್ಯಾಪ್ ಜಾಸ್ತಿಯಾದರೆ ರಾಕರ್ ಬಡಿಯುತ್ತದೆ, ಕಿವಿಗೆ ಗೊತ್ತಾಗುತ್ತದೆ. ಕಮ್ಮಿಯಾದರೆ ಎಂಜಿನ್ ಇನ್ನೂ ಸೈಲೆಂಟ್ ಆಗುತ್ತದೆ, ವಾಲ್ವ್ ಮಾತ್ರ ಪೂರ್ತಿ ಮುಚ್ಚೋದಿಲ್ಲ. ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್) ಸೋರುತ್ತದೆ. ಎಕ್ಸಾಸ್ಟ್ ವಾಲ್ವ್‌ನ ಬಿಸಿ ಹೆಚ್ಚಾಗಿ ಇಳಿಯೋದು ಅದು ಸೀಟಿನ (ವಾಲ್ವ್ ಮುಚ್ಚಿದಾಗ ಕೂರುವ ಉಂಗುರ) ಮೇಲೆ ಒತ್ತಿ ಕೂತಾಗಲೇ. ಸರಿಯಾಗಿ ಕೂರದಿದ್ದರೆ ಅಂಚು ಸುಟ್ಟುಹೋಗುತ್ತದೆ.

ನನ್ನ ಬೈಕ್‌ನ ಮ್ಯಾನ್ಯುಯಲ್‌ನಲ್ಲಿ ಎರಡೂ ವಾಲ್ವ್‌ಗೆ ಗ್ಯಾಪ್ 0.08 ಮಿ.ಮೀ. ಅಂತ ಇದೆ. ನಿಮ್ಮದರಲ್ಲಿ ಬೇರೆ ಇರಬಹುದು, ನೋಡಿಕೊಳ್ಳಿ. ಪಿ.ಬಿ. ರೋಡಿನ ಅಂಗಡಿಯಲ್ಲಿ ಮೊದಲು ತೋರಿಸಿದ ಫೀಲರ್ ಗೇಜ್‌ನಲ್ಲಿ (ಗ್ಯಾಪ್ ಅಳೆಯೋ ತೆಳು ಪಟ್ಟಿಗಳ ಸೆಟ್) 0.05 ಆದ್ಮೇಲೆ ನೇರ 0.10 ಇತ್ತು. 0.08 ಪಟ್ಟಿ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಆ ಅಳತೆ ತಣ್ಣಗಿರುವ ಎಂಜಿನ್‌ಗೆ. ದಾವಣಗೆರೆ ಬೇಸಿಗೆಯಲ್ಲಿ ಅದಕ್ಕೇ ಕಷ್ಟ, ಅಲ್ವಾ? ರಾತ್ರಿಯೆಲ್ಲ ನಿಲ್ಲಿಸಿ, ಅಂಗಳಕ್ಕೆ ಬಿಸಿಲು ಬರೋ ಮುಂಚೆ ಶುರು ಮಾಡಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕ್ರ್ಯಾಂಕ್ (ಪಿಸ್ಟನ್‌ಗೆ ಸೇರಿದ ತಿರುಗೋ ದಂಡ) ಹಗುರವಾಗಿ ತಿರುಗುತ್ತದೆ. ಎಡಗಡೆ ಮ್ಯಾಗ್ನೆಟ್ ಕವರ್‌ನ ಎರಡು ಕ್ಯಾಪ್ ತೆಗೆದು, ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿದೆ. ಕಿಂಡಿಯಲ್ಲಿ 'ಟಿ' ಗುರುತು ಗೀರಿಗೆ ಸರಿಯಾಗಿ ಬರಬೇಕು, ಆಗ ಪಿಸ್ಟನ್ ಪೂರ್ತಿ ಮೇಲಿದೆ ಅಂತ ಅರ್ಥ. ಹತ್ತಿರದಲ್ಲೇ 'ಎಫ್' ಕೂಡ ಇರುತ್ತದೆ, ಅದು ಇಗ್ನಿಷನ್ ಟೈಮಿಂಗ್‌ಗೆ (ಪ್ಲಗ್ ಕಿಡಿ ಹಾರೋ ಹೊತ್ತು). 'ಟಿ' ಬಂದರೂ ಸಾಲದು, ಎರಡೂ ರಾಕರ್ ಕೈಯಲ್ಲಿ ಅಲುಗಾಡಬೇಕು. ಇಲ್ಲದಿದ್ದರೆ ಅದು ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್ ಅಲ್ಲ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು.

ಇನ್‌ಲೆಟ್ ಸರಿಯಾಗಿತ್ತು. ಎಕ್ಸಾಸ್ಟ್‌ನಲ್ಲಿ 0.05 ಪಟ್ಟಿಯೇ ಕಷ್ಟಪಟ್ಟು ಹೋಯಿತು.

ಎಕ್ಸಾಸ್ಟ್ ರಾಕರ್‌ನ ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂ ಒಂಚೂರು ಹಿಂದಕ್ಕೆ ತಿರುಗಿಸಿ, 0.08 ಪಟ್ಟಿ ಇಟ್ಟು ಮತ್ತೆ ಮೆಲ್ಲಗೆ ಇಳಿಸಿದೆ. ಇಲ್ಲಿ ಬೆರಳೇ ಅಳತೆ. ದಪ್ಪ ಪುಸ್ತಕದ ಕೆಳಗಿಂದ ಹಾಳೆ ಎಳೆದಾಗ ಹಿಡಿಯುತ್ತದಲ್ಲ, ಅಷ್ಟು ಹಿಡಿತ ಸಾಕು. ನಟ್ ಬಿಗಿ ಮಾಡುವಾಗ ಸ್ಕ್ರೂ ಅದರ ಜೊತೆಗೇ ತಿರುಗುತ್ತದೆ, ಗ್ಯಾಪ್ ಕಮ್ಮಿಯಾಗಿಬಿಡುತ್ತದೆ. ಸ್ಕ್ರೂವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಬಿಗಿ ಮಾಡಬೇಕು, ಆಮೇಲೆ ಮತ್ತೆ ಅಳೆಯಬೇಕು. ಕೊನೆಗೆ 0.08 ಹಿಡಿತದಿಂದ ಜಾರಿತು, 0.10 ಒಳಗೇ ಹೋಗಲಿಲ್ಲ. ಆಗ ಆದ ಖುಷಿ ದೊಡ್ಡದು. ಪಟ್ಟಿಯನ್ನು ಸುಮ್ಮನೆ ಎಳೆದು ಎಳೆದು ನೋಡಿದೆ.

ರಾಕರ್ ಮುಚ್ಚೋ ಟ್ಯಾಪೆಟ್ ಕ್ಯಾಪ್‌ಗಳ ಓ ರಿಂಗ್ (ಆಯಿಲ್ ಸೋರದ ಹಾಗೆ ತಡೆಯೋ ರಬ್ಬರ್ ಉಂಗುರ) ಗಟ್ಟಿಯಾಗಿದ್ದವು, ಹೊಸವು ಹಾಕಿದೆ. ಈಗ ಬೈಕ್ ಬೇಗ ಸ್ಟಾರ್ಟ್ ಆಗುತ್ತಿದೆ. ಸಣ್ಣಗೆ ಟಿಕ್ ಟಿಕ್ ಸದ್ದು ಇದೆ, ಅದು ನನಗೆ ಇಷ್ಟವೇ. ಸ್ವಲ್ಪ ದಿನ ಓಡಿಸಿ ಎಕ್ಸಾಸ್ಟ್ ಗ್ಯಾಪ್ ಇನ್ನೊಮ್ಮೆ ನೋಡುತ್ತೇನೆ. ಮತ್ತೆ ಕಮ್ಮಿಯಾಗಿದ್ದರೆ ಸೀಟ್ ಸವೆಯುತ್ತಿದೆ ಅಂತ ಲೆಕ್ಕ, ಆಗ ಎಂಜಿನ್ ಹೆಡ್ (ವಾಲ್ವ್ ಇರೋ ಮೇಲಿನ ಭಾಗ) ಇಳಿಸಬೇಕಾಗುತ್ತದೆ. ಅಲ್ಲಿವರೆಗೆ ಕಾರ್ಬೊರೇಟರ್ ಕ್ಲೀನಿಂಗ್ ಶುರು ಮಾಡುತ್ತೇನೆ.