ಟೊಮೆಟೊ ರೇಟಿನ ಸರಾಸರಿ ಮತ್ತು ಹ್ಯಾಸ್ಕೆಲ್: ಸೆಮಿಸ್ಟರ್ ಇಲ್ಲಿವರೆಗೆ

ಕೋಲಾರದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ಸಲ ಫಂಕ್ಷನಲ್ ಪ್ರೋಗ್ರಾಮಿಂಗ್ (ಫಂಕ್ಷನ್‌ಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ರೀತಿ) ಇಲೆಕ್ಟಿವ್ ಇದೆ. ಪಾಠ ಮಾಡುವುದು ನಾನು, ಭಾಷೆ ಹ್ಯಾಸ್ಕೆಲ್. ಸೆಮಿಸ್ಟರ್ ಮುಕ್ಕಾಲು ಪಾಲು ಮುಗಿದಿದೆ. ಇದನ್ನೇ ಕಲಿಸಲು ಹೊರಟ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಆಗಸ್ಟ್

ಈ ಪಾಠವನ್ನು ಸಾಮಾನ್ಯವಾಗಿ 1930ರ ದಶಕದಿಂದ ಶುರು ಮಾಡುತ್ತಾರೆ. ಗಣಿತಜ್ಞ ಅಲಾಂಜೊ ಚರ್ಚ್, ಫಂಕ್ಷನ್‌ಗಳಿಂದಲೇ ಲೆಕ್ಕ ಮಾಡುವ ಅವರ ಲ್ಯಾಂಬ್ಡಾ ಕ್ಯಾಲ್ಕುಲಸ್, ಆಮೇಲೆ ಫ್ಯಾಕ್ಟೋರಿಯಲ್. ನಾನು ಚರ್ಚ್‌ ಅವರನ್ನು ಕೊನೆಗೆ ಇಟ್ಟುಕೊಂಡೆ. ಫ್ಯಾಕ್ಟೋರಿಯಲ್ ಅಂತೂ ಬೇಡವೇ ಬೇಡ. ಸಿ ಲ್ಯಾಬ್‌ನಿಂದಲೇ ಬಾಯಿಪಾಠ ಆಗಿರುತ್ತೆ. ಕೈ ಬರೆಯುತ್ತೆ, ತಲೆ ಮಲಗಿರುತ್ತೆ.

ಬದಲಿಗೆ ಒಂದೇ ಲೆಕ್ಕ ಹಿಡಿದೆ: ಎಪಿಎಂಸಿ ಮಂಡಿಯಲ್ಲಿ ಒಂದು ದಿನದ ಟೊಮೆಟೊ ಹರಾಜಿನ ಸರಾಸರಿ ರೇಟು. ನಮ್ಮಲ್ಲಿ 15 ಕೆ.ಜಿ. ಬಾಕ್ಸಿನ ಲೆಕ್ಕ ಯಾರಿಗೂ ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದ್ದು ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬರುವ ಹುಡುಗರಿಗೆ ಸೆಮಿಸ್ಟರ್ ಮಾರ್ಕ್ಸ್‌ಗಿಂತ ಚೆನ್ನಾಗಿ ನೆನಪಿದೆ.

ಲ್ಯಾಬ್‌ನ ಸಿಸ್ಟಮ್‌ಗಳು ಹಳೆಯವು. ದೊಡ್ಡ ಎಡಿಟರ್, ಅದರ ಮೇಲೆ ಎಕ್ಸ್‌ಟೆನ್ಶನ್ ಎಲ್ಲ ಹಾಕಿದರೆ ಮೇಲೇಳುವುದಿಲ್ಲ. ಹ್ಯಾಸ್ಕೆಲ್ ಸಾಲು ಹೊಡೆದ ತಕ್ಷಣ ಉತ್ತರ ಕೊಡುವ ಜಿಎಚ್‌ಸಿಐ ಒಂದು, ಸಾದಾ ಎಡಿಟರ್ ಒಂದು, ಅಷ್ಟೇ ಸಾಕಾಯ್ತು.

ಮೊದಲ ಇಂಟರ್ನಲ್ಸ್‌ಗೆ ಮುಂಚೆ

ಒಂದು ನಿಯಮ ಇಟ್ಟೆ. ಕೋಡ್‌ಗೆ ಮುಂಚೆ ಟೈಪ್ ಬರೆಯಬೇಕು. ಏನು ಒಳಗೆ ಹೋಗುತ್ತೆ, ಏನು ಹೊರಗೆ ಬರುತ್ತೆ. ಸರಾಸರಿಗೆ ಡಬಲ್‌ಗಳ (ದಶಮಾಂಶ ಸಂಖ್ಯೆಗಳ) ಲಿಸ್ಟ್ ಕೊಟ್ಟರೆ ಒಂದು ಡಬಲ್ ಸಿಗಬೇಕು. ಎಲ್ಲರೂ ಬರೆದರು. ಆಮೇಲೆ ಮೊತ್ತವನ್ನು ಲೆಂಗ್ತ್‌ನಿಂದ, ಅಂದರೆ ಲಿಸ್ಟಿನ ಎಣಿಕೆಯಿಂದ, ಭಾಗಿಸಿದರು. ಇಡೀ ಲ್ಯಾಬಿಗೆ ಒಂದೇ ಎರರ್: ಡಬಲ್ ಬೇಕಿತ್ತು, ಸಿಕ್ಕಿದ್ದು ಇಂಟ್, ಅಂದರೆ ಪೂರ್ಣಾಂಕ.

ಹಿಂದಿನ ಬೆಂಚಿನಲ್ಲಿ ತೆಲುಗಿನಲ್ಲಿ ಗೊಣಗಾಟ ಶುರುವಾಯ್ತು. ಒಬ್ಬಳು ಎದ್ದು ಕೇಳಿದಳು, "ಸರ್, ಸಿ ನಲ್ಲಿ ಇದು ಸುಮ್ನೆ ಓಡುತ್ತಲ್ವಾ?" ಓಡುತ್ತೆ ಕಣಮ್ಮ. ಎರಡೂ ಇಂಟ್ ಇದ್ದರೆ 7 ಭಾಗಿಸು 2 ಅಂದರೆ 3 ಅಂತ ಕೊಟ್ಟು ಸುಮ್ಮನಾಗುತ್ತೆ. ಹ್ಯಾಸ್ಕೆಲ್ ನಿನ್ನ ಪರವಾಗಿ ಗುಟ್ಟಾಗಿ ಏನನ್ನೂ ಬದಲಿಸುವುದಿಲ್ಲ. ಇಂಟನ್ನು ಡಬಲ್‌ಗೆ ಬದಲಿಸಲು ಫ್ರಮ್‌ಇಂಟಿಗ್ರಲ್ ಅಂತ ನೀನೇ ಬರೆಯಬೇಕು. ಟೈಪ್ ಮೇಲೆ ನಾನು ಮಾಡಿಟ್ಟುಕೊಂಡಿದ್ದ ಲೆಕ್ಚರ್‌ಗಿಂತ ಈ ಒಂದು ಎರರ್ ಜಾಸ್ತಿ ಕೆಲಸ ಮಾಡಿತು.

ಮುಂದಿನ ಲ್ಯಾಬಿನಲ್ಲಿ ಖಾಲಿ ಲಿಸ್ಟ್ ಕೊಡಿ ಅಂದೆ. ಮಂಡಿಗೆ ರಜೆ, ಒಂದು ಲಾಟೂ ಬಂದಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಪರದೆಯ ಮೇಲೆ 'ನ್ಯಾನ್' ಅಂತ ಬಂತು, ಅಂದರೆ ಅದು ಸಂಖ್ಯೆಯೇ ಅಲ್ಲ. ಮೇಬಿ ಟೈಪ್ ಹೇಳಿಕೊಡಲು ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಉತ್ತರ ಇದ್ದರೆ 'ಜಸ್ಟ್', ಇಲ್ಲದಿದ್ದರೆ 'ನಥಿಂಗ್'. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ತಾವೇ ತಂದ ನಲ್ ರೆಫರೆನ್ಸನ್ನು (ಯಾವುದನ್ನೂ ತೋರಿಸದ ಖಾಲಿ ಗುರುತು) 2009ರಲ್ಲಿ ಶತಕೋಟಿ ಡಾಲರ್ ತಪ್ಪು ಅಂತ ಕರೆದ ಕಥೆಯನ್ನೂ ಹೇಳಿದೆ. ಜಾವಾದಲ್ಲಿ ಕೋಡ್ ಬರೆದು ಗೊತ್ತಿದ್ದವರು ಜೋರಾಗಿ ನಕ್ಕರು. ನಲ್ ಪಾಯಿಂಟರ್ ಎಕ್ಸೆಪ್ಷನ್ ತಿಂದವರಿಗೇ ಅದರ ರುಚಿ ಗೊತ್ತು.

ದಸರಾ ರಜೆ ಆದಮೇಲೆ

ಫೋಲ್ಡ್, ಅಂದರೆ ಲಿಸ್ಟನ್ನು ಒಂದೊಂದಾಗಿ ಸೇರಿಸುತ್ತಾ ಒಂದೇ ಉತ್ತರಕ್ಕೆ ಇಳಿಸುವುದು. ಎಲ್ಲರೂ ಎಡವುವ ಜಾಗ. ಬೋರ್ಡಿನ ಮೇಲೆ 1, 2, 3 ಬರೆದು, ಕಳೆಯುವ ಲೆಕ್ಕ ಕೊಟ್ಟೆ. ಶುರುವಿನ ಬೆಲೆ 0.

ಫೋಲ್ಡ್‌ಆರ್ (ಬಲದಿಂದ): 1 − (2 − (3 − 0)) = 2
ಫೋಲ್ಡ್‌ಎಲ್ (ಎಡದಿಂದ): ((0 − 1) − 2) − 3 = −6

ಕೂಡುವ ಲೆಕ್ಕ ಕೊಟ್ಟರೆ ಎರಡಕ್ಕೂ ಒಂದೇ ಉತ್ತರ ಬಂದು ವ್ಯತ್ಯಾಸವೇ ಕಾಣುವುದಿಲ್ಲ. ಕಳೆಯುವುದನ್ನೇ ಕೊಡಬೇಕು. ರೆಕಾರ್ಡ್ ಬುಕ್ಕಿನಲ್ಲಿ ಕೋಡ್‌ಗಿಂತ ಮೊದಲು ಈ ಬ್ರ್ಯಾಕೆಟ್‌ಗಳನ್ನು ಕೈಯಲ್ಲಿ ಬಿಡಿಸಿ ಬರೆಯಿರಿ ಅಂದೆ. ಲೂಪ್ ಎಲ್ಲಿ ಅಂತ ಕೇಳುವುದು ಅಲ್ಲಿಗೆ ನಿಂತಿತು.

ಆಮೇಲೆ ಮೊತ್ತ ಮತ್ತು ಎಣಿಕೆ ಎರಡನ್ನೂ ಒಂದೇ ಸುತ್ತಿನಲ್ಲಿ ಜೋಡಿಯಾಗಿ ಹೊತ್ತುಕೊಂಡು ಹೋಗುವ ಫೋಲ್ಡ್ ಬರೆಸಿದೆ. ಹತ್ತು ಲಕ್ಷ ಸಂಖ್ಯೆ ಕೊಟ್ಟಾಗ ಮೆಮೊರಿ ಏರುತ್ತಾ ಹೋಯಿತು. ಹ್ಯಾಸ್ಕೆಲ್ ಸೋಮಾರಿ ಭಾಷೆ. ಕೇಳುವವರೆಗೂ ಕೂಡುವುದಿಲ್ಲ, ಸಾಲದ ಅಂಗಡಿಯ ಪುಸ್ತಕದ ಹಾಗೆ ಬರೆದಿಡುತ್ತಾ ಹೋಗುತ್ತೆ. ತಕ್ಷಣ ಲೆಕ್ಕ ಮಾಡುವ ಫೋಲ್ಡ್‌ಎಲ್ ಪ್ರೈಮ್ ಹಾಕಿದರೂ ಸಮಸ್ಯೆ ಹೋಗಲಿಲ್ಲ. ಅದು ಜೋಡಿಯನ್ನು ಮಾತ್ರ ಬಿಚ್ಚುತ್ತೆ, ಒಳಗಿನ ಎರಡು ಅಂಕಿ ಹಾಗೇ ಬಾಕಿ ಉಳಿಯುತ್ತವೆ. ಅವಕ್ಕೂ ಬ್ಯಾಂಗ್, ಅಂದರೆ ಆಶ್ಚರ್ಯಸೂಚಕ ಚಿಹ್ನೆ, ಹಾಕಬೇಕು. ಇದು ಅರ್ಧ ಕ್ಲಾಸಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಪರವಾಗಿಲ್ಲ.

ಇಷ್ಟು ಹೊತ್ತಿಗೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು. ಮನೆಯಲ್ಲಿ ಟೊಮೆಟೊ ಬೆಳೆಯುವ ಹುಡುಗನೊಬ್ಬ, "ಸರ್, ಈ ಸರಾಸರಿ ಮಂಡಿಯಲ್ಲಿ ನಡೆಯಲ್ಲ" ಅಂದ. 10 ಬಾಕ್ಸು 400 ರೂಪಾಯಿಗೆ, 90 ಬಾಕ್ಸು 200ಕ್ಕೆ ಹೋದರೆ ನಮ್ಮ ಪ್ರೋಗ್ರಾಂ 300 ಅನ್ನುತ್ತೆ. ನಿಜವಾಗಿ ಬಾಕ್ಸಿಗೆ ಬಿದ್ದದ್ದು 220. ಬಾಕ್ಸಿನ ಲೆಕ್ಕ ನಾನು ಬೇಕಂತಲೇ ಬಿಟ್ಟಿದ್ದೆ, ಯಾರು ಹಿಡಿಯುತ್ತಾರೆ ನೋಡೋಣ ಅಂತ. ಅವನ ಕೈಯಲ್ಲೇ ಟೈಪ್ ಬದಲಾಯಿಸಿದೆ: ಈಗ ಲಿಸ್ಟಿನಲ್ಲಿ ಬರೀ ರೇಟಲ್ಲ, ರೇಟು ಮತ್ತು ಬಾಕ್ಸಿನ ಜೋಡಿ. ಎಲ್ಲೆಲ್ಲಿ ಕೋಡ್ ತಿದ್ದಬೇಕು ಅಂತ ಕಂಪೈಲರೇ ಒಂದೊಂದಾಗಿ ತೋರಿಸಿತು.

ಈ ವಾರ

ಕ್ವಿಕ್‌ಚೆಕ್, ಪ್ರೋಗ್ರಾಂ ಪರೀಕ್ಷಿಸುವ ಸಾಧನ. 2000ದಲ್ಲಿ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಮಾಡಿದ್ದು. ಟೆಸ್ಟ್ ನಾವು ಬರೆಯುವುದಿಲ್ಲ, ಯಾವಾಗಲೂ ನಿಜ ಇರಬೇಕಾದ ಮಾತು ಬರೆಯುತ್ತೇವೆ. ಮಿಕ್ಕ 100 ಕೇಸು ಅದೇ ಹುಟ್ಟಿಸುತ್ತೆ. ಕ್ಲಾಸ್ ಆರಿಸಿದ ಮಾತು ಇದು: ಲಾಟುಗಳ ಸಾಲು ಹಿಂದುಮುಂದಾದರೂ ಸರಾಸರಿ ಬದಲಾಗಬಾರದು. ಯಾರಿಗೂ ಅನುಮಾನ ಇರಲಿಲ್ಲ. ಕ್ವಿಕ್‌ಚೆಕ್ ಫೇಲ್ ಅಂದಿತು.

ಕೋಡಿನಲ್ಲಿ ಹುಳುಕು ಹುಡುಕಿ ಸುಸ್ತಾದ ಮೇಲೆ ಜಿಎಚ್‌ಸಿಐನಲ್ಲಿ ಎರಡು ಸಾಲು ಹೊಡೆಸಿದೆ. 0.1 + 0.2 + 0.3 ಕೊಟ್ಟರೆ 0.6000000000000001. 0.3 + 0.2 + 0.1 ಕೊಟ್ಟರೆ 0.6. ಕೋಡ್ ಸರಿ ಇದೆ, ಡಬಲ್ ಇರುವುದೇ ಹಾಗೆ, ದಶಮಾಂಶವನ್ನು ಅಂದಾಜಾಗಿ ಇಟ್ಟುಕೊಳ್ಳುತ್ತೆ. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಕೂಡಿ, ಕೊನೆಗೆ ಒಂದೇ ಸಲ ಭಾಗಿಸೋಣ ಅಂತ ಅವರೇ ತೀರ್ಮಾನಿಸಿದರು. ತಿದ್ದಿ ಓಡಿಸಿದರು, 100ಕ್ಕೆ 100 ಪಾಸ್.

ಇನ್ನು ಉಳಿದದ್ದು ರೇಟುಗಳನ್ನು ಫೈಲಿನಿಂದ ಓದುವುದು. ಅಂದರೆ ಐಒ (ಹೊರಗಿನಿಂದ ಓದುವುದು, ಹೊರಗೆ ಬರೆಯುವುದು), ಅಂದರೆ ಹ್ಯಾಸ್ಕೆಲ್‌ನಲ್ಲಿ ಅಂಥ ಕೆಲಸಗಳನ್ನು ಸಾಲಾಗಿ ಜೋಡಿಸುವ ಮೊನಾಡ್. ಆ ಹೆಸರನ್ನು ಫೈಲ್ ಓದಿ ಮುಗಿಯುವವರೆಗೂ ಬಾಯಿ ಬಿಡುವುದಿಲ್ಲ ಅಂತ ಇದ್ದೇನೆ. ಸೀನಿಯರ್‌ಗಳು ಆಗಲೇ ಹೆದರಿಸಿಟ್ಟಿದ್ದಾರಂತೆ.